ಡಿಎನ್‌ಎ ಎಳೆ ಎರಡು, ತಪ್ಪು ಯಾವುದರದ್ದು?

ಜೀವಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎಯನ್ನು ಪೂರ್ತಿ ನಕಲು ಮಾಡಿಕೊಳ್ಳಬೇಕು. ಆ ಕೆಲಸ ಪಾಲಿಮರೇಸ್ ಎಂಬ ಕಿಣ್ವದ್ದು. ಡಿಎನ್‌ಎ ಅಂದರೆ ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳ ಸಾಲು. ಹಾಕಿದ ಅಕ್ಷರ ತಪ್ಪಾಗಿದ್ದರೆ ಅಲ್ಲೇ ಕಿತ್ತು ಬೇರೆ ಹಾಕುವಷ್ಟು ಚುರುಕು ಅದು. ಆದರೂ ಹೆಚ್ಚು ಕಡಿಮೆ ಕೋಟಿ ಅಕ್ಷರಕ್ಕೊಂದು ತಪ್ಪು ಉಳಿದುಬಿಡುತ್ತದೆ. ನಮ್ಮ ಒಂದು ಕೋಶದಲ್ಲಿ ಸುಮಾರು 600 ಕೋಟಿ ಜೋಡಿ ಅಕ್ಷರಗಳಿವೆ. ಅಂದರೆ ಪ್ರತಿ ನಕಲಿಗೂ ನೂರಾರು ತಪ್ಪು. ಅವುಗಳಲ್ಲಿ ಬಹುಪಾಲನ್ನು ಹಿಡಿದು ಸರಿಮಾಡುವ ವ್ಯವಸ್ಥೆಗೆ ಮಿಸ್‌ಮ್ಯಾಚ್ ರಿಪೇರ್ ಅಂತಾರೆ.

ಇದು ಚೆನ್ನಾಗಿ ಅರ್ಥವಾಗಿರುವುದು ನಮ್ಮ ಕರುಳಲ್ಲೇ ಇರುವ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ. ನಕಲಾದ ಡಿಎನ್‌ಎಯಲ್ಲಿ ಎದುರುಬದುರಾಗಿ ಎರಡು ಎಳೆ, ಒಂದು ಹಳೆಯದು, ಒಂದು ಹೊಸದು. ಅವುಗಳಲ್ಲಿ ಎ ಎದುರು ಟಿ, ಜಿ ಎದುರು ಸಿ ಇರಬೇಕು. ಜಿ ಎದುರು ಟಿ ಕೂತಿದೆ ಅಂದುಕೊಳ್ಳಿ. ಅದನ್ನು ಪತ್ತೆ ಮಾಡುವ ಪ್ರೊಟೀನಿನ ಹೆಸರು ಮಟ್‌ಎಸ್. ಅದು ಅಕ್ಷರ ಓದುವುದಿಲ್ಲ, ಡಿಎನ್‌ಎಯನ್ನು ಸುತ್ತುವರಿದು ಹಿಡಿದು, ಅಲ್ಲಾಡುವ ಹಲ್ಲನ್ನು ನಾಲಗೆಯಿಂದ ತಳ್ಳಿ ನೋಡುವ ಹಾಗೆ ಒತ್ತಿ ನೋಡುತ್ತದೆ. ಸರಿಯಾದ ಜೋಡಿ ಬಿಗಿಯಾಗಿರುತ್ತದೆ. ತಪ್ಪು ಜೋಡಿ ಇರುವ ಕಡೆ ಡಿಎನ್‌ಎ ಸುಮಾರು 60 ಡಿಗ್ರಿ ಬಾಗಿಬಿಡುತ್ತದೆ, ಆ ಸಂದಿಗೆ ಮಟ್‌ಎಸ್‌ನ ಒಂದು ತುಣುಕು, ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲ, ತೂರಿಕೊಳ್ಳುತ್ತದೆ. 2000ರಲ್ಲಿ, ಪ್ರೊಟೀನನ್ನು ಹರಳಾಗಿಸಿ ಎಕ್ಸ್-ರೇಯಿಂದ ಪಡೆದ ಚಿತ್ರಗಳಲ್ಲಿ ಇದು ಕಣ್ಣಿಗೇ ಕಂಡಿತು.

ಆದರೆ ಕಷ್ಟ ಇರುವುದು ಇದರ ನಂತರ. ತಪ್ಪು ಜಿನಾ, ಟಿನಾ? ಎರಡೂ ಒಳ್ಳೆಯ ಅಕ್ಷರಗಳೇ ಅಲ್ವಾ. ಸುಮ್ನೆ ಯಾವುದೋ ಒಂದನ್ನು ಕತ್ತರಿಸಿದರೆ ಅರ್ಧದಷ್ಟು ಸಲ ಸರಿಯಾದದ್ದೇ ಹೋಗಿ ತಪ್ಪು ಶಾಶ್ವತವಾಗುತ್ತದೆ!

ಇ. ಕೋಲೈ ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಜಿಎಟಿಸಿ ಅಂತ ಸಾಲಾಗಿ ಬರುವ ಕಡೆಯಲ್ಲೆಲ್ಲ ಅದು ಎ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಹಾಕಿಡುತ್ತದೆ. ಹೊಸ ಎಳೆಗೆ ಆ ಗುರುತು ಬೀಳಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನಲ್ಲಿ ಗುರುತಿಲ್ಲದ ಎಳೆಯೇ ಹೊಸದು, ತಪ್ಪು ಇರುವುದೂ ಅಲ್ಲೇ. ಮಟ್‌ಎಸ್ ಮಟ್‌ಎಲ್ ಎಂಬ ಇನ್ನೊಂದು ಪ್ರೊಟೀನಿನ ನೆರವು ಪಡೆದು ಮಟ್‌ಎಚ್ ಎಂಬ ಕತ್ತರಿಯನ್ನು ಎಬ್ಬಿಸುತ್ತದೆ. ಮಟ್‌ಎಚ್ ಗುರುತಿಲ್ಲದ ಎಳೆಯನ್ನಷ್ಟೇ ಕತ್ತರಿಸುತ್ತದೆ, ಅದೂ ತಪ್ಪು ಇರುವ ಜಾಗದಲ್ಲಲ್ಲ, ಜಿಎಟಿಸಿ ಇರುವಲ್ಲಿ. ಅದು ಸಾವಿರ ಅಕ್ಷರ ಆಚೆ ಇದ್ದರೂ ಸರಿ. ಆಮೇಲೆ ಬೇರೆ ಕಿಣ್ವಗಳು ಎಳೆ ಬಿಚ್ಚಿ, ಅಲ್ಲಿಂದ ತಪ್ಪು ದಾಟುವ ತನಕ ತಿಂದುಹಾಕಿ, ಖಾಲಿ ಜಾಗ ತುಂಬಿ ಬೆಸೆಯುತ್ತವೆ. ಒಂದು ಅಕ್ಷರಕ್ಕೋಸ್ಕರ ಸಾವಿರ ಅಕ್ಷರ ಹೊಸದಾಗಿ ಬರೆಯುವುದು! ವಿಜ್ಞಾನಿ ಪಾಲ್ ಮಾಡ್ರಿಚ್ ತಂಡ 1989ರಲ್ಲಿ ಇದಿಷ್ಟನ್ನೂ ಶುದ್ಧ ಪ್ರೊಟೀನುಗಳಿಂದ ಪ್ರನಾಳದಲ್ಲೇ ನಡೆಸಿ ತೋರಿಸಿತು. ರಸಾಯನಶಾಸ್ತ್ರದ 2015ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು.

ನಮ್ಮಲ್ಲಿ ಮಟ್‌ಎಚ್ ಇಲ್ಲ, ಮೀಥೈಲ್ ಗುರುತಿನ ಈ ಉಪಾಯವೂ ಇಲ್ಲ. ಹೊಸ ಎಳೆಯಲ್ಲಿ ಇನ್ನೂ ಬೆಸೆಯದೆ ಉಳಿದ ಬಿರುಕುಗಳೇ ಸುಳಿವು, ಕತ್ತರಿಸುವ ಕೆಲಸ ಪಿಎಂಎಸ್2 ಎಂಬ ಪ್ರೊಟೀನಿನದ್ದು. ನಮ್ಮಲ್ಲಿ ಈ ರಿಪೇರಿ ಮಾಡುವ ಪ್ರೊಟೀನುಗಳು ಎಂಎಸ್‌ಎಚ್2, ಎಂಎಸ್‌ಎಚ್6, ಎಂಎಲ್‌ಎಚ್1, ಪಿಎಂಎಸ್2. ಈ ನಾಲ್ಕರಲ್ಲಿ ಒಂದರ ಜೀನ್ ಹುಟ್ಟಿನಿಂದಲೇ ಕೆಟ್ಟಿದ್ದರೆ ಅದು ಲಿಂಚ್ ಸಿಂಡ್ರೋಮ್. ಅಂಥವರಿಗೆ ದೊಡ್ಡ ಕರುಳು, ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಜಾಸ್ತಿ, ಅದೂ ಚಿಕ್ಕ ವಯಸ್ಸಿಗೆ. ಗಡ್ಡೆಯ ತುಣುಕಿಗೆ ಬಣ್ಣ ಹಾಕಿ ಈ ನಾಲ್ಕೂ ಪ್ರೊಟೀನ್ ಇವೆಯಾ ಅಂತ ನೋಡುವ ಪರೀಕ್ಷೆ ಇದೆ. ಮನೆಯಲ್ಲಿ ಇಂಥ ಕ್ಯಾನ್ಸರ್ ಒಬ್ಬರಿಗಿಂತ ಹೆಚ್ಚು ಜನರಿಗೆ ಬಂದಿದ್ದರೆ ದಯವಿಟ್ಟು ಡಾಕ್ಟರ ಹತ್ತಿರ ಇದನ್ನು ಕೇಳಿ. ಲಿಂಚ್ ಇದೆ ಅಂತ ಮೊದಲೇ ಗೊತ್ತಾದವರು ಆಗಾಗ ಕೊಲೊನೊಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ) ಮಾಡಿಸಿಕೊಂಡರೆ, ಗಂಟುಗಳು ಕ್ಯಾನ್ಸರ್ ಆಗುವ ಮುಂಚೆಯೇ ತೆಗೆಸಬಹುದು.