ಮನೆ ಮುಂದಿನ ಅಶೋಕ ಔಷಧದ ಅಶೋಕವೇ?

ಪ್ರಶ್ನೆ: ನಮ್ಮ ಕಾಂಪೌಂಡಿನ ಉದ್ದಕ್ಕೂ ಅಶೋಕ ಮರಗಳಿವೆ. ಅತಿಯಾದ ಮುಟ್ಟಿನ ಸ್ರಾವಕ್ಕೆ ಅಶೋಕದ ತೊಗಟೆ ಒಳ್ಳೆಯದಂತೆ. ಇದನ್ನೇ ಕೆತ್ತಿ ಕಷಾಯ ಮಾಡಬಹುದೇ?

ಉತ್ತರ: ದಯವಿಟ್ಟು ಬೇಡ. ನೆಟ್ಟಗೆ ಬೆಳೆದು ಎಲೆಗಳನ್ನು ಕೆಳಕ್ಕೆ ಇಳಿಬಿಟ್ಟ ಆ ಮರ ಸೀತಾಫಲದ ಬಳಗದ್ದು. ಅದಕ್ಕೆ ಕಂಬದ ಮರ ಎಂಬ ಹೆಸರೂ ಇದೆ. ವೈದ್ಯರು ಹೇಳುವ ಅಶೋಕ ಹುಣಸೆಯ ನೆಂಟ. ಪಶ್ಚಿಮ ಘಟ್ಟದ ಹಳ್ಳಗಳ ಅಂಚಿನಲ್ಲಿ, ನೆರಳು ತೇವ ಇರುವ ಕಡೆ ತಾನಾಗಿ ಬೆಳೆಯುವ 20–30 ಅಡಿಯ ಪುಟ್ಟ ಮರ.

ಹೂ ಬಿಟ್ಟಾಗ ಎರಡರ ಗುರುತು ತಪ್ಪುವುದೇ ಇಲ್ಲ. ಕಂಬದ ಮರದ ಹೂ ಹಸಿರಾಗಿ ಎಲೆಯೊಳಗೇ ಅಡಗಿರುತ್ತದೆ. ಅಶೋಕದ್ದು ಕೊಂಬೆಯ ಮೈಗೇ ಅಂಟಿಕೊಂಡು ಕೇಪಳದಂತೆ ಗೊಂಚಲು ಗೊಂಚಲಾಗಿ ಅರಳುತ್ತದೆ. ಮೊದಲು ಕಿತ್ತಳೆ ಹಳದಿ, ಆಮೇಲೆ ಕೆಂಪು. ಹೀಗಾಗಿ ಒಂದೇ ಗೊಂಚಲಿನಲ್ಲಿ ಎರಡೂ ಬಣ್ಣ. ವಿಶೇಷವೆಂದರೆ ಈ ಹೂವಿಗೆ ಎಸಳೇ ಇಲ್ಲ, ನಾವು ಎಸಳೆಂದುಕೊಳ್ಳುವುದು ಬಣ್ಣ ತುಂಬಿದ ಪುಷ್ಪಪತ್ರಗಳನ್ನು, ಅಂದರೆ ಸಾಮಾನ್ಯವಾಗಿ ಹೂವಿನ ಬುಡದಲ್ಲಿ ಹಸಿರಾಗಿರುವ ಪುಟ್ಟ ಎಲೆಗಳನ್ನು. ಎಳೆಯ ಚಿಗುರಂತೂ ತಾಮ್ರದ ಬಣ್ಣದಲ್ಲಿ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿರುತ್ತದೆ. ತರುಣಿಯ ಪಾದ ಸೋಕಿದರೆ ಅಶೋಕ ಅರಳುತ್ತದೆ ಎಂದು ಕವಿಗಳು ಹೇಳಿದ್ದು ಈ ಮರವನ್ನು ಕಂಡೇ. ಚೈತ್ರ ಶುದ್ಧ ಅಷ್ಟಮಿಯಂದು, ಅಶೋಕಾಷ್ಟಮಿಗೆ, ಎಂಟು ಮೊಗ್ಗು ಹಾಕಿದ ನೀರು ಕುಡಿಯುವ ಸಂಪ್ರದಾಯವೂ ಇದೆ. ಮರ ಹೂ ಬಿಡುವ ಕಾಲವೂ ಅದೇ.

ಆಯುರ್ವೇದದಲ್ಲಿ ಇದರ ತೊಗಟೆಯನ್ನು ಹಾಲು, ನೀರು ಬೆರೆಸಿ, ನೀರು ಇಂಗಿ ಹಾಲಷ್ಟೇ ಉಳಿಯುವವರೆಗೆ ಕಾಯಿಸುತ್ತಾರೆ. ತೊಗಟೆಯ ಕಷಾಯಕ್ಕೆ ಬೆಲ್ಲ, ಧಾತಕಿ ಹೂ ಹಾಕಿ ಹುದುಗಿಸಿದರೆ ಅಶೋಕಾರಿಷ್ಟ ಎಂಬ ಔಷಧ. ಆದರೆ ರಕ್ತಸ್ರಾವ ಹೆಚ್ಚಿದ್ದರೆ ಮೊದಲು ಕಾರಣ ತಿಳಿಯಬೇಕು. ಗಡ್ಡೆ, ಥೈರಾಯ್ಡ್ ಏನೂ ಇರಬಹುದು. ವೈದ್ಯರಿಗೆ ತೋರಿಸದೆ ಮನೆಯಲ್ಲಿ ಕಷಾಯ ಕುಡಿಯುತ್ತಾ ದಿನ ದೂಡಬೇಡಿ.

ಅಂಗಡಿಯ ತೊಗಟೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಶೋಕದ ಹೆಸರಿನಲ್ಲಿ ಕಂಬದ ಮರದ ಚಕ್ಕೆ ಬೆರೆಸುವುದು ಹಳೆಯ ಕಲಬೆರಕೆ. ಅಸಲಿ ಮರ ಕಾಡಿನಲ್ಲಿ ಕಡಿಮೆಯಾಗಿರುವುದು ಅದಕ್ಕೊಂದು ಕಾರಣ. ಸುತ್ತಲೂ ತೊಗಟೆ ಸುಲಿದರೆ ಮರ ನಿಂತಲ್ಲೇ ಒಣಗುತ್ತದೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 1998ರಲ್ಲೇ ಇದನ್ನು ಅಳಿವಿನ ಭೀತಿಯಿರುವ ಮರಗಳ ಪಟ್ಟಿಗೆ ಸೇರಿಸಿದೆ. ನನಗೆ ತುಂಬಾ ನೋವು ಕೊಡುವ ಸಂಗತಿ ಇದು.

ನಿಮ್ಮಲ್ಲಿ ಜಾಗವಿದ್ದರೆ ಒಂದು ನಿಜವಾದ ಅಶೋಕ ನೆಡಿ. ಬೀಜ ಬೇಗ ಜೀವ ಕಳೆದುಕೊಳ್ಳುತ್ತದೆ, ಹಾಗಾಗಿ ಬಿದ್ದ ತಾಜಾ ಬೀಜವನ್ನೇ ಬಿತ್ತಬೇಕು. ಸಸಿಗೆ ಮೊದಲ ಬೇಸಿಗೆಗಳಲ್ಲಿ ನೆರಳು, ಬುಡಕ್ಕೆ ತರಗೆಲೆಯ ಹೊದಿಕೆ ಇರಲಿ.