ನೀಲಿ ಡ್ಯಾನ್ಯೂಬ್ ಪಿಯಾನೊಗೆ ಇಳಿದ ಕಥೆ

‘ಬ್ಲೂ ಡ್ಯಾನ್ಯೂಬ್’ ವಾಲ್ಟ್ಸ್ ಅನ್ನು, ಅಂದರೆ ಮೂರು ಬೀಟಿನ ಆ ಕುಣಿತದ ಸಂಗೀತವನ್ನು, ಯಾರಾದರೂ ಪಿಯಾನೊದಲ್ಲಿ ನುಡಿಸಿದರೆ ಸಾಕು, ಹಳೆಯ ಜಗಳ ಶುರುವಾಗುತ್ತದೆ. ಇದು ಮೂಲ ರಚಿಸಿದ ವಿಯೆನ್ನಾದ ಯೋಹಾನ್ ಸ್ಟ್ರಾಸ್ ಅವರದ್ದೋ, ಅದನ್ನು ಪಿಯಾನೊಗೆ ಬರೆದ ಷುಲ್ಟ್ಸ್-ಎವ್ಲರ್ ಅವರದ್ದೋ? ಕಲೆಯೋ, ಬರೀ ಬೆರಳಿನ ಕಸರತ್ತೋ?

1867ರ ಫೆಬ್ರುವರಿಯಲ್ಲಿ ವಿಯೆನ್ನಾದ ಜನ ಮೊದಲು ಕೇಳಿದಾಗ ಇದು ಗಂಡಸರ ಕೋರಸ್ ಹಾಡು. ಅದೇ ವರ್ಷ ಪ್ಯಾರಿಸ್‌ನಲ್ಲಿ ಬರೀ ಆರ್ಕೆಸ್ಟ್ರಾದಲ್ಲಿ ನುಡಿಸಿದಾಗ ಹೆಸರು ಬಂತು. ಮೂಲಕ್ಕೇ ಎರಡು ವೇಷ. ‘ಮೂಲ ಕೆಡಿಸಿದರು’ ಅನ್ನುವವರಿಗೆ ಇದು ಯಾಕೋ ನೆನಪಾಗುವುದಿಲ್ಲ.

ಆಗ ರೇಡಿಯೊ, ಗ್ರಾಮಫೋನ್ ಏನೂ ಇರಲಿಲ್ಲ. ಆರ್ಕೆಸ್ಟ್ರಾದ ಸಂಗೀತ ಮನೆಗೆ ಬರುತ್ತಿದ್ದದ್ದು ಜಾಸ್ತಿ ಪಿಯಾನೊ ಮೂಲಕವೇ. ಪಿಯಾನೊ ವಾದಕ ಲಿಸ್ಟ್ 1830ರ ದಶಕದಲ್ಲೇ ಫ್ರೆಂಚ್ ಸಂಯೋಜಕ ಬರ್ಲಿಯೋಜ್‌ರ ಇಡೀ ಸಿಂಫನಿಯನ್ನು, ಅಂದರೆ ಆರ್ಕೆಸ್ಟ್ರಾಗೆ ಬರೆದ ದೊಡ್ಡ ಕೃತಿಯನ್ನು, ಪಿಯಾನೊಗೆ ತಂದಿದ್ದರು. ಅವರ ಶಿಷ್ಯ ಟೌಸಿಗ್ ಸ್ಟ್ರಾಸ್‌ರ ವಾಲ್ಟ್ಸ್‌ಗಳಿಗೆ ಕೈಹಾಕಿದರು. 1871ರಲ್ಲಿ ತೀರಿಕೊಂಡಾಗ ಅವರಿಗೆ 29 ವರ್ಷ. ಆಮೇಲೆ ಬಂದವರು ಪೋಲೆಂಡಿನ ಷುಲ್ಟ್ಸ್-ಎವ್ಲರ್. ಇಂದಿನ ಉಕ್ರೇನಿನ ಹಾರ್ಕಿವ್‌ನಲ್ಲಿ ಪಿಯಾನೊ ಪಾಠ ಹೇಳುತ್ತಿದ್ದವರು.

ಅವರು ಮಾಡಿದ್ದೇನು ಅಂತ ಹತ್ತಿರದಿಂದ ನೋಡಬೇಕು. ಆರ್ಕೆಸ್ಟ್ರಾದಲ್ಲಿ ಶುರುವಿಗೆ ಪಿಟೀಲುಗಳು ಮೆಲ್ಲಗೆ ನಡುಗುತ್ತವೆ, ಕೆಳಗೆ ಹಾರ್ನ್ ಅನ್ನುವ ಹಿತ್ತಾಳೆಯ ಕೊಂಬು ಎಳೆದೆಳೆದು ಹಾಡುತ್ತದೆ. ಪಿಯಾನೊಗೆ ಎಳೆಯಲು ಬರುವುದಿಲ್ಲ. ಕೀ ಒತ್ತಿದ ಕ್ಷಣದಿಂದಲೇ ಸ್ವರ ಸಾಯಲು ಶುರು. ಅದಕ್ಕೇ ಸಣ್ಣ ಸಣ್ಣ ಸ್ವರಗಳ ಜರಿ ನೇಯ್ದು ಆ ಖಾಲಿ ಜಾಗ ತುಂಬಿದರು. ಅದರೊಳಗಿಂದ ರಾಗ ಇಣುಕುತ್ತದೆ. ಕೇಳುವವರಿಗೆ ಅದು ಒಡವೆ. ಪಿಯಾನೊಗೆ ಅದೇ ಉಸಿರು.

ಎಡಗೈಯ ಪಾಡು ಬೇರೆ. ಮೂರು ಬೀಟಿನಲ್ಲಿ ಒಂದಕ್ಕೆ ತಳದ ಸ್ವರ, ಅಲ್ಲಿಂದ ಹಾರಿ ಎರಡು, ಮೂರಕ್ಕೆ ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಸ್ವರಗಳು. ಬಿಟ್ಟು ಬಂದ ಸ್ವರವನ್ನು ಕಾಲಡಿಯ ಪೆಡಲ್ ಹಿಡಿದಿರಬೇಕು. ಅದೂ ಅಲ್ಲದೆ, ವಿಯೆನ್ನಾದವರು ಎರಡನೇ ಬೀಟನ್ನು ಒಂಚೂರು ಬೇಗ ತರುತ್ತಾರೆ. ಮೂರೂ ಗಡಿಯಾರದಂತೆ ಸಮವಾಗಿ ಬಿದ್ದರೆ ಕುಣಿತ ಹೋಯ್ತು, ಕವಾಯತು ಬಂತು.

1928ರಲ್ಲಿ ಪಿಯಾನೊ ವಾದಕ ಯೋಸೆಫ್ ಲೆವಿನ್ ಇದನ್ನು ರೆಕಾರ್ಡ್ ಮಾಡಿದರು. ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಯ ಎರಡೂ ಬದಿ ಬೇಕಾಯಿತು. ತಮಾಷೆ ಏನಂದರೆ, ಇದನ್ನು ಊರೂರಿಗೆ ಒಯ್ದ ಅದೇ ತಟ್ಟೆ ಆರ್ಕೆಸ್ಟ್ರಾವನ್ನೂ ಮನೆಗೇ ತಂದಿತು. ಇನ್ನು ಪಿಯಾನೊ ರೂಪ ಯಾತಕ್ಕೆ, ಅಲ್ವಾ? ಬರೆದದ್ದನ್ನು ಬರೆದಂತೆಯೇ ನುಡಿಸಬೇಕು ಅನ್ನುವ ಗಾಳಿಯೂ ಬೀಸಿತು. ಇಂಥವೆಲ್ಲ ಕಛೇರಿಯ ಕೊನೆಗೆ, ಚಪ್ಪಾಳೆ ನಿಲ್ಲದಿದ್ದರೆ ಮಾತ್ರ. ಹಾಗಂತ ಯಾರೂ ಆಜ್ಞೆ ಹೊರಡಿಸಲಿಲ್ಲ. ಎಲ್ಲರೂ ಸುಮ್ನೆ ನುಡಿಸುವುದು ಬಿಟ್ಟರು, ಅಷ್ಟೇ.

1974ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಪಿಯಾನೊ ವಾದಕ ಹೋರ್ಹೆ ಬೋಲೆಟ್, ಟೌಸಿಗ್‌ರನ್ನೂ ಷುಲ್ಟ್ಸ್-ಎವ್ಲರ್‌ರನ್ನೂ ಮುಖ್ಯ ಕಾರ್ಯಕ್ರಮದೊಳಗೇ ಕೂರಿಸಿದರು. ಆಗ ಬೋಲೆಟ್‌ಗೆ 59 ವರ್ಷ. ಆ ರಾತ್ರಿಯ ರೆಕಾರ್ಡಿಂಗ್ ಇವತ್ತಿಗೂ ಸಿಗುತ್ತದೆ.

ಷುಲ್ಟ್ಸ್-ಎವ್ಲರ್ ಬೇರೆ ರಚನೆಗಳನ್ನೂ ಮಾಡಿದ್ದರು. ಈಗ ಜನ ಕೇಳುವುದು ಇದೊಂದನ್ನೇ. ಇದರಲ್ಲೂ ಅವರ ಹೆಸರು ಬರುವುದು ಸ್ಟ್ರಾಸ್ ಆದ ಮೇಲೆ, ಒಂದು ಅಡ್ಡಗೆರೆಯ ಆಚೆ.