ಪ್ರೊಪೋರ್ಷನಲ್ ಡಿವೈಡರ್: ಸಂಖ್ಯೆ ಓದದೆ ಅಳತೆ ಹಿಗ್ಗಿಸುವ ಸಲಕರಣೆ

ಕಂಪಾಸ್ ಬಾಕ್ಸ್‌ನಲ್ಲಿರುವ ವಿಭಾಜಕಕ್ಕೆ ಮೊನೆಗಳು ಒಂದೇ ಕಡೆ. ಪ್ರೊಪೋರ್ಷನಲ್ ಡಿವೈಡರ್‌ಗೆ ಎರಡೂ ಕಡೆ. ಸಮ ಉದ್ದದ ಎರಡು ಲೋಹದ ಕಾಲುಗಳು, ಒಂದೊಂದರ ಎರಡು ತುದಿಗೂ ಚೂಪು ಮೊನೆ, ನಡುವೆ ಉದ್ದಕ್ಕೂ ಸೀಳು. ಆ ಸೀಳಿನಲ್ಲಿ ಜಾರುವ ಒಂದು ತಿರುಪು ಎರಡು ಕಾಲುಗಳನ್ನೂ ಹಿಡಿದಿರುತ್ತದೆ. ಬಿಡಿಸಿದರೆ ಕತ್ತರಿಯ ಹಾಗೆ ಅಡ್ಡಡ್ಡ ನಿಲ್ಲುತ್ತದೆ. ಒಂದು ಕಡೆಯ ಮೊನೆಗಳಿಂದ ನಕ್ಷೆಯ ಮೇಲಿನ ಅಂತರ ಹಿಡಿದು, ಸಲಕರಣೆಯನ್ನು ತಿರುಗಿಸಿ ಇನ್ನೊಂದು ಕಡೆಯ ಮೊನೆಗಳನ್ನು ಹೊಸ ಹಾಳೆಗೆ ಊರಿದರೆ, ಅದೇ ಅಂತರ ನಮಗೆ ಬೇಕಾದಷ್ಟು ಪಟ್ಟು ಹಿಗ್ಗಿಯೋ ಕುಗ್ಗಿಯೋ ಬಂದಿರುತ್ತದೆ. ನಡುವೆ ಸ್ಕೇಲ್ ಇಟ್ಟು ಓದುವುದಿಲ್ಲ, ಗುಣಿಸುವುದಿಲ್ಲ, ಬರೆದಿಡುವುದಿಲ್ಲ. ಇದರ ನಿಜವಾದ ಹೆಚ್ಚುಗಾರಿಕೆ ಇಲ್ಲಿದೆ. ಓದುವಾಗ ಒಂದು ತಪ್ಪು, ಗುಣಿಸುವಾಗ ಇನ್ನೊಂದು, ಮತ್ತೆ ಗುರುತು ಹಾಕುವಾಗ ಮತ್ತೊಂದು ಎಂದು ನುಸುಳುವ ದಾರಿಗಳಲ್ಲಿ ಮೊದಲ ಎರಡು ಇಲ್ಲಿ ಮುಚ್ಚಿಹೋಗುತ್ತವೆ.

ಹಿಂದಿನ ಗಣಿತ ಹೈಸ್ಕೂಲಿನದೇ. ಕಾಲುಗಳು ಒಂದನ್ನೊಂದು ದಾಟಿದಾಗ ತಿರುಪಿನ ಎರಡೂ ಬದಿಗೆ ಒಂದೊಂದು ತ್ರಿಭುಜ ಆಗುತ್ತದೆ. ತಿರುಪಿನ ಹತ್ತಿರದ ಎರಡು ಕೋನಗಳು ಶೃಂಗಾಭಿಮುಖ, ಹಾಗಾಗಿ ಸಮ. ಕಾಲುಗಳು ಸಮ ಉದ್ದದವಾದ್ದರಿಂದ ಎರಡೂ ತ್ರಿಭುಜ ಸಮದ್ವಿಬಾಹು. ಆದ್ದರಿಂದ ತ್ರಿಭುಜಗಳು ಸಮರೂಪ. ತಿರುಪಿನಿಂದ ಮೊನೆಯವರೆಗಿನ ಭಾಗವನ್ನು ತೋಳು ಅನ್ನೋಣ. ಉದ್ದನೆಯ ತೋಳು ಗಿಡ್ಡ ತೋಳಿನ ಎಷ್ಟು ಪಟ್ಟೋ, ಅತ್ತ ಕಡೆಯ ಮೊನೆಗಳ ಅಂತರವೂ ಇತ್ತ ಕಡೆಯದರ ಅಷ್ಟೇ ಪಟ್ಟು. ಎಷ್ಟು ಅಗಲಕ್ಕೆ ಬಿಡಿಸಿದರೂ ಈ ಅನುಪಾತ ಅಲ್ಲಾಡುವುದಿಲ್ಲ.

ತಿರುಪನ್ನು ಎಲ್ಲಿ ನಿಲ್ಲಿಸಬೇಕು ಎಂಬಲ್ಲಿ ಹೊಸಬರು ತಡವರಿಸುತ್ತಾರೆ. ನಟ್ಟನಡುವೆ ಇದ್ದರೆ ಅನುಪಾತ 1. ಎರಡು ಪಟ್ಟು ಬೇಕೆಂದರೆ ಉದ್ದದ ನಾಲ್ಕನೇ ಒಂದು ಭಾಗಕ್ಕೆ ಸರಿಸಬೇಕು ಎಂದು ಅನ್ನಿಸುತ್ತದೆ, ಆದರೆ ಸರಿಯಾದ ಜಾಗ ಮೂರನೇ ಒಂದು ಭಾಗ. ನಾಲ್ಕನೇ ಒಂದು ಭಾಗದಲ್ಲಿ ನಿಂತರೆ ಬರುವುದು ಮೂರು ಪಟ್ಟು. ಎಷ್ಟು ಪಟ್ಟು ಬೇಕೋ ಅದಕ್ಕೆ ಒಂದು ಕೂಡಿಸಿ, ಬಂದದ್ದರಿಂದ ಒಟ್ಟು ಉದ್ದವನ್ನು ಭಾಗಿಸಿದರೆ ಗಿಡ್ಡ ತೋಳಿನ ಅಳತೆ ಸಿಗುತ್ತದೆ. 20 ಸೆಂ.ಮೀ. ಉದ್ದದ ಡಿವೈಡರ್‌ನಲ್ಲಿ ಎರಡು ಪಟ್ಟಿಗೆ ಗಿಡ್ಡ ತೋಳು 6.67, ಉದ್ದ ತೋಳು 13.33 ಸೆಂ.ಮೀ.

ಈಗ ಪೂರ್ಣಾಂಕವಲ್ಲದ ಅನುಪಾತ ಬರುವ ಒಂದು ಕೆಲಸ ನೋಡೋಣ. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋ ಶೀಟುಗಳಲ್ಲಿ (ನೆಲದ ಏರಿಳಿತ, ಕೆರೆ, ಊರು ತೋರಿಸುವ ನಕ್ಷೆಗಳಲ್ಲಿ) ಒಂದು ಮೈಲಿಗೆ ಒಂದು ಇಂಚು, ಅಂದರೆ 1:63,360. ಮೆಟ್ರಿಕ್ ಪದ್ಧತಿಯ ಶೀಟುಗಳು 1:50,000. ಹಳೆಯ ಶೀಟಿನಲ್ಲಿದ್ದ ಕೆರೆಯ ಅಂಚನ್ನು ಹೊಸ ಶೀಟಿಗೆ ತಂದು, ಎಷ್ಟು ಒತ್ತುವರಿಯಾಗಿದೆ ಎಂದು ನೋಡಬೇಕು ಅಂದುಕೊಳ್ಳಿ. 63,360ನ್ನು 50,000ದಿಂದ ಭಾಗಿಸಿದರೆ 1.267. 20 ಸೆಂ.ಮೀ. ಡಿವೈಡರ್‌ನಲ್ಲಿ ಗಿಡ್ಡ ತೋಳು 8.82, ಉದ್ದ ತೋಳು 11.18 ಸೆಂ.ಮೀ. ಹಳೆಯದರಲ್ಲಿ 5 ಸೆಂ.ಮೀ. ದೂರವಿರುವ ಎರಡು ಊರುಗಳು ಹೊಸದರಲ್ಲಿ 6.34 ಸೆಂ.ಮೀ. ದೂರ ಇರಬೇಕು; ನೆಲದ ಮೇಲೆ ಎರಡೂ 3.17 ಕಿ.ಮೀ.

ಆದರೆ ಕೈಗೆ ಸಿಗುವ ಹಳೆಯ ಶೀಟು ಲೆಕ್ಕದಷ್ಟು ಕರಾರುವಾಕ್ಕಾಗಿ ಇರುವುದು ಅಪರೂಪ. ಕಾಗದ ತೇವಕ್ಕೆ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ, ಜೆರಾಕ್ಸ್ ಪ್ರತಿಯಾದರೆ ಅಳತೆ ಇನ್ನಷ್ಟು ಆಚೀಚೆ ಆಗಿರುತ್ತದೆ. ಆದ್ದರಿಂದ ಲೆಕ್ಕದ ಅನುಪಾತವನ್ನು ಆರಂಭಕ್ಕೆ ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು. ಎರಡೂ ಶೀಟಿನಲ್ಲಿ ಗುರುತಾಗಿರುವ, ಬದಲಾಗದ ಎರಡು ಜಾಗ ಆರಿಸಿಕೊಳ್ಳಿ: ಒಂದು ಬೆಟ್ಟದ ತುದಿ, ಒಂದು ಹಳೆಯ ಗುಡಿ. ಗಿಡ್ಡ ಕಡೆಯಿಂದ ಹಳೆಯ ಶೀಟಿನ ಅಂತರ ಹಿಡಿಯಿರಿ, ಉದ್ದ ಕಡೆಯನ್ನು ಹೊಸದರ ಮೇಲೆ ಇಟ್ಟು ನೋಡಿ. ಕೂದಲೆಳೆ ತಪ್ಪಿದರೂ ಮುಚ್ಚಿ, ತಿರುಪು ಸಡಿಲಿಸಿ, ಚೂರೇ ಚೂರು ಸರಿಸಿ, ಮತ್ತೆ ಹಿಡಿಯಿರಿ. ಎರಡು ಕಡೆಯೂ ಕೂತ ಮೇಲೆ ತಿರುಪು ಬಿಗಿಸಿದರೆ, ಕಾಗದದ ಸರಾಸರಿ ಕುಗ್ಗುವಿಕೆಯೂ ಆ ಅನುಪಾತದೊಳಗೆ ಸೇರಿಕೊಂಡಿರುತ್ತದೆ. ಗಣಿತದ ಸಂಖ್ಯೆಗಿಂತ ಈ ಹೊಂದಿಕೆಯನ್ನೇ ನಾನು ನಂಬುತ್ತೇನೆ.

ಆಮೇಲೆ ಕೆರೆಯಂಚಿನ ಒಂದೊಂದು ತಿರುವನ್ನೂ ಬೆಟ್ಟದಿಂದ ಒಮ್ಮೆ, ಗುಡಿಯಿಂದ ಒಮ್ಮೆ ಹಿಡಿದು, ಹೊಸ ಹಾಳೆಯಲ್ಲಿ ಎರಡು ಕಂಸ ಎಳೆದು, ಅವು ಕೂಡಿದಲ್ಲಿ ಚುಕ್ಕೆ ಇಡಬೇಕು. ಒಂದು ತಿರುವಿನಿಂದ ಮುಂದಿನ ತಿರುವಿಗೆ ಸರಪಳಿಯಂತೆ ಹೋಗುವುದು ಸುಲಭ ಅನ್ನಿಸಿದರೂ ಬೇಡ. ಪ್ರತಿ ಹೆಜ್ಜೆಯ ಸಣ್ಣ ತಪ್ಪು ಮುಂದಿನದಕ್ಕೆ ಸೇರಿ, ಸುತ್ತು ಮುಗಿದಾಗ ಕೆರೆ ಕೂಡಿಕೊಳ್ಳುವುದೇ ಇಲ್ಲ.

ಹಿಗ್ಗಿಸುವಾಗ ಇನ್ನೊಂದು ಎಚ್ಚರ ಬೇಕು. ಮೂರು ಪಟ್ಟು ದೊಡ್ಡದು ಮಾಡುವಾಗ ಗಿಡ್ಡ ಕಡೆ ಕಾಲು ಮಿಲಿಮೀಟರ್ ತಪ್ಪು ಹಿಡಿದರೆ, ಹಾಳೆಯ ಮೇಲೆ ಅದು ಮುಕ್ಕಾಲು ಮಿಲಿಮೀಟರ್. ಕುಗ್ಗಿಸುವಾಗ ತಪ್ಪೂ ಕುಗ್ಗುತ್ತದೆ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ದೊಡ್ಡದರಿಂದ ಚಿಕ್ಕದಕ್ಕೆ ಹೋಗಿ.

ಒಳ್ಳೆಯ ಡಿವೈಡರ್‌ಗಳ ಕಾಲಿನ ಮೇಲೆ ರೇಖೆಗಳಿಗೆ, ವೃತ್ತಗಳಿಗೆ, ಕ್ಷೇತ್ರಗಳಿಗೆ, ಘನಗಳಿಗೆ ಎಂದು ಬೇರೆಬೇರೆ ಗುರುತುಗಳನ್ನು ಕೆತ್ತಿರುತ್ತಾರೆ. ಎಲ್ಲದರಲ್ಲೂ ಎಲ್ಲವೂ ಇರುವುದಿಲ್ಲ. ರೇಖೆಯ ಗುರುತು ನೇರ ಪಟ್ಟು. ಕ್ಷೇತ್ರದ ಗುರುತಿನಲ್ಲಿ 2 ಅಂದರೆ ವಿಸ್ತೀರ್ಣ ಎರಡು ಪಟ್ಟು, ಉದ್ದ 1.414 ಪಟ್ಟು ಮಾತ್ರ. 1:50,000 ಶೀಟಿನಲ್ಲಿ 1 ಚದರ ಸೆಂ.ಮೀ. ಇರುವ ಕೆರೆ 1:25,000ಕ್ಕೆ ಹೋದಾಗ 4 ಚದರ ಸೆಂ.ಮೀ. ಆಗುತ್ತದೆ ಎಂಬುದು ಮರೆತರೆ ಈ ಗುರುತು ಅರ್ಥವಾಗುವುದಿಲ್ಲ. ಘನದ ಗುರುತು ಘನಮೂಲದ್ದು: ಒಂದು ಪಾತ್ರೆಯ ಎರಡರಷ್ಟು ಹಿಡಿಯುವ, ಅದೇ ಆಕಾರದ ಪಾತ್ರೆ ಬೇಕೆಂದರೆ ಘನದಲ್ಲಿ 2ಕ್ಕೆ ನಿಲ್ಲಿಸಿ. 10 ಸೆಂ.ಮೀ. ಎತ್ತರ 12.6 ಆಗುತ್ತದೆ, ಬಾಯಿ, ತಳ ಎಲ್ಲವೂ ಅದೇ ಪ್ರಮಾಣದಲ್ಲಿ.

ನನಗೆ ಅತ್ಯಂತ ಪ್ರಿಯವಾದದ್ದು ವೃತ್ತದ ಗುರುತು. ಉದ್ದ ಕಡೆಯನ್ನು ವೃತ್ತದ ತ್ರಿಜ್ಯಕ್ಕೆ ಬಿಡಿಸಿದರೆ ಗಿಡ್ಡ ಕಡೆಯಲ್ಲಿ ಆ ವೃತ್ತದೊಳಗೆ ಕೂರುವ ಸಮ ಬಹುಭುಜದ ಬಾಹು ಬರುತ್ತದೆ; ಗುರುತಿನ ಸಂಖ್ಯೆ ಅಂದರೆ ಬಾಹುಗಳ ಸಂಖ್ಯೆ. ಇದು ಸಾಮಾನ್ಯವಾಗಿ 6ರಿಂದ ಶುರುವಾಗುತ್ತದೆ, ಏಕೆಂದರೆ ಷಡ್ಭುಜದ ಬಾಹು ತ್ರಿಜ್ಯದಷ್ಟೇ. ಕೈವಾರದಿಂದ ಆರೆಸಳಿನ ಹೂವು ಬರೆದವರಿಗೆಲ್ಲ ಇದು ಗೊತ್ತು. 7ಕ್ಕೆ ನಿಲ್ಲಿಸಿದರೆ 10 ಸೆಂ.ಮೀ. ತ್ರಿಜ್ಯಕ್ಕೆ 8.68 ಸೆಂ.ಮೀ. ಸಿಗುತ್ತದೆ. ಬರಿಯ ಕೈವಾರ, ಗುರುತಿಲ್ಲದ ಪಟ್ಟಿಯಿಂದ ನಿಖರವಾದ ಸಮ ಸಪ್ತಭುಜ ರಚಿಸಲು ಸಾಧ್ಯವೇ ಇಲ್ಲ ಎಂದು ಗಣಿತ ಸಾಧಿಸಿದೆ. ಇಲ್ಲಿ ಏಳು ಸಲ ಹೆಜ್ಜೆ ಹಾಕಿದರೆ, ಕಣ್ಣಿಗೆ ಕಾಣುವ ಮಟ್ಟಿಗೆ ಸುತ್ತು ಕೂಡುತ್ತದೆ.

ಸಲಕರಣೆ ಬಹಳ ಹಳೆಯದು. ತಿರುಪು ಒಂದೇ ಕಡೆ ಭದ್ರವಾಗಿರುವ ಕಂಚಿನವು ರೋಮನ್ನರ ಕಾಲದಲ್ಲೇ ಇದ್ದವು. ತಿರುಪು ಜಾರುವ ರೂಪದ ಜೊತೆ ಸ್ವಿಟ್ಜರ್ಲೆಂಡ್ ಮೂಲದ ಗಡಿಯಾರ ತಯಾರಕ, ಗಣಿತಜ್ಞ ಯೋಸ್ಟ್ ಬ್ಯೂರ್ಗಿಯ ಹೆಸರು ಸೇರಿಕೊಂಡಿದೆ. ಗೆಲಿಲಿಯೋ 1606ರಲ್ಲಿ ಕೈಪಿಡಿ ಅಚ್ಚು ಹಾಕಿಸಿದ ಕಂಪಾಸು ಬೇರೆ: ಅದು ಒಂದು ತುದಿಯಲ್ಲಿ ಕೀಲಿರುವ, ಮೈತುಂಬ ಅಳತೆಪಟ್ಟಿಗಳಿರುವ ಎರಡು ಪಟ್ಟಿ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವ ರೂಢಿಯಿಂದ ಗೊಂದಲವಾಗುತ್ತದೆ.

ಇಂದು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವವರಿಗೆ ಇದರ ಅಗತ್ಯ ಕಡಿಮೆ. ಫೋಟೊ ನೋಡಿ ಭಾವಚಿತ್ರ ಬಿಡಿಸುವವರು, ಹಡಗಿನ ಮಾದರಿ ಮಾಡುವವರು, ಶಿಲ್ಪಿಗಳು ಇನ್ನೂ ಬಳಸುತ್ತಾರೆ. ಮಾದರಿಯ ಮೂಗಿನ ಉದ್ದವನ್ನು ಹಿಡಿದು ಕಲ್ಲಿಗೋ ಕ್ಯಾನ್ವಾಸಿಗೋ ನೇರ ದಾಟಿಸುವಾಗ ಕಂಪ್ಯೂಟರಿನ ಪರದೆ ಅಡ್ಡ ಬರುತ್ತದೆ, ಡಿವೈಡರ್ ಅಡ್ಡ ಬರುವುದಿಲ್ಲ.

ಕೊಂಡವರು ಮೊನೆಗಳನ್ನು ಜೋಪಾನ ಮಾಡಬೇಕು. ಒಂದು ಮೊನೆ ಮುರಿದು, ಅದನ್ನೇ ಉಜ್ಜಿ ಚೂಪು ಮಾಡಿದರೆ ಆ ತೋಳು ಗಿಡ್ಡವಾಗುತ್ತದೆ, ಕೆತ್ತಿದ ಗುರುತುಗಳೆಲ್ಲ ಸುಳ್ಳು ಹೇಳತೊಡಗುತ್ತವೆ. ಕೊಳ್ಳಲಾಗದವರು ಮಾಡಿಕೊಳ್ಳಬಹುದು: 30 ಸೆಂ.ಮೀ. ಉದ್ದದ ಎರಡು ಗಟ್ಟಿ ಮರದ ಪಟ್ಟಿ, ಒಂದು ಬೋಲ್ಟ್, ಒಂದು ರೆಕ್ಕೆ ನಟ್. ತುದಿಯಿಂದ 10 ಸೆಂ.ಮೀ.ಗೆ ತೂತು ಕೊರೆದರೆ ಎರಡು ಪಟ್ಟು, 12ಕ್ಕೆ ಕೊರೆದರೆ ಒಂದೂವರೆ, 7.5ಕ್ಕೆ ಕೊರೆದರೆ ಮೂರು ಪಟ್ಟು. ಕೊರೆಯುವ ಮೊದಲು ಒಂದು ಮೊನೆಯಿಂದ ಇನ್ನೊಂದು ಮೊನೆಗೆ ನೇರ ಗೆರೆ ಎಳೆದು, ತೂತಿನ ನಡುಬಿಂದು ಅದರ ಮೇಲೇ ಬೀಳುವಂತೆ ನೋಡಿಕೊಳ್ಳಿ. ಗೆರೆ ತಪ್ಪಿದರೆ ಒಂದು ಕಡೆ ಮೊನೆಗಳು ಮುಚ್ಚಿದಾಗ ಇನ್ನೊಂದು ಕಡೆ ತೆರೆದೇ ಇರುತ್ತವೆ, ಅನುಪಾತವೂ ಬಿಡಿಸಿದ ಅಗಲಕ್ಕೆ ತಕ್ಕಂತೆ ಬದಲಾಗುತ್ತಾ ಹೋಗುತ್ತದೆ.